ಮಾಯಣ್ಣನ ಸುಲಭ ಪ್ರಶ್ನೆಗಳು

ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಿದ್ದ ಮಗನ ಕೈಯನ್ನು ಭದ್ರಮ್ಮ ಹಿಡಿದು ನಿಲ್ಲಿಸಿದಳು.

“ಒಸಿ ತಡಿ ಅಶ್ವಥ. ನಿಮ್ಮ ಚಿಕ್ಕಪ್ಪ ಬರ್ಲಿ.”

“ಮುತ್ತುರಾಜಪ್ಪ ಬರೋನಾಗಿದ್ರೆ ಬೆಳಿಗ್ಗೇನೇ ಬತ್ತಿದ್ದ ಕಣವ್ವ. ಪಕ್ಕದ ಬೀದೀಲೇ ಅವ್ನೆ.”

ಜಗುಲಿಯ ಮೇಲಿದ್ದ ಹಿರಿಯ ಕರಿಯಪ್ಪ ಪಡುವಣದತ್ತ ನೋಡಿದ. “ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು ಭದ್ರಮ್ಮ. ಚೀನಾಕ್ಕೆ ಹೋಗಿ ಕರ್ಕಂಡ್ ಬರಕ್ಕಾಯ್ತದಾ?”

ಯಾರೋ ನಕ್ಕು, ಕೆಮ್ಮಿ ಮರೆಸಿದರು. ಭದ್ರಮ್ಮ ನಗಲಿಲ್ಲ. ಒಡಹುಟ್ಟಿದವನ ಒಂದು ಹಿಡಿ ಮಣ್ಣು ಬೀಳದೆ ಗಂಡ ಮಾಯಣ್ಣನನ್ನು ಕಳಿಸಿಕೊಡಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

*

ಕಲ್ಯದ ಬಸ್ ನಿಲ್ದಾಣದ ಎದುರು ಸುಹೇಲನ ಟೀ ಅಂಗಡಿ. ಕುರಿಗಳನ್ನು ಹೊಡೆದುಕೊಂಡು ಹೊರಡುವ ಮುನ್ನ ಮಾಯಣ್ಣ ಅಲ್ಲಿ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಯಾರೂ ಕದ್ದು ನೋಡದಂತೆ ಮಡಚಿ ಅದರ ಮೇಲೆಯೇ ಕುಳಿತು, ಬಂದವರಿಗೆಲ್ಲ ಪ್ರಶ್ನೆ ಹಾಕುತ್ತಿದ್ದ.

ಎರಡು ವರ್ಷಗಳ ಹಿಂದೆ ಮುತ್ತುರಾಜು, ಮಗಳನ್ನು ನೋಡಲು ಮಾಗಡಿಯಿಂದ ಬಂದ ಬೀಗರನ್ನು ಅಲ್ಲಿಗೆ ಕರೆತಂದಿದ್ದ. ಅವರೆದುರು ತಮ್ಮನ ಜಾಣತನವನ್ನು ಮೆರೆಸುವ ಆಸೆ ಮಾಯಣ್ಣನಿಗೆ ಹುಟ್ಟಿತು.

“ಲೇ ಮುತ್ತ, ಪ್ರಪಂಚದಾಗೆ ಜಾಸ್ತಿ ಜನ ಇರೋ ದೇಶ ಯಾವ್ದು ಹೇಳ್ಲಾ.”

“ಚೀನಾ. ಇದೂ ಒಂದು ಪ್ರಶ್ನೆನಾ?”

“ಅದು ಹಳೇ ಲೆಕ್ಕ ಕಣ್ಲಾ. ಈಗ ನಾವೇ ಜಾಸ್ತಿ. ಪೇಪರ್ ಬರೋದು ಬೋಂಡಾ ಕಟ್ಟಕ್ಕೆ ಅಂದ್ಕಂಡಿದ್ದೀಯಾ?”

ಬಾಯಿಗೆ ಬಂದದ್ದನ್ನು ಮಾಯಣ್ಣ ಆಡಿಬಿಟ್ಟಿದ್ದ. ಬೀಗರು ಹೊಟ್ಟೆ ಹಿಡಿದು ನಕ್ಕರು. ಮುತ್ತುರಾಜು ಅರ್ಧ ಕುಡಿದ ಲೋಟವನ್ನಿಟ್ಟು ಎದ್ದ. ಮಗಳ ಮದುವೆಯೇನೋ ನಡೆಯಿತು; ಆದರೆ ಊರಿಗೆ ಅವನು ‘ಚೀನಾ’ ಆದ, ಅಣ್ಣನೊಡನೆ ಮಾತು ಬಿಟ್ಟ.

ಅಂದಿನಿಂದ ಮಾಯಣ್ಣನ ಪ್ರಶ್ನೆಗಳು ಬದಲಾದವು. ಮುತ್ತುರಾಜು ಬಸ್ಸಿಗೆ ಬಂದು ನಿಂತಾಗಲೇ ಕೇಳುತ್ತಿದ್ದ, ಗಟ್ಟಿ ದನಿಯಲ್ಲಿ, ಎಳೆಮಕ್ಕಳೂ ಬಲ್ಲದ್ದನ್ನು.

“ಮೊನ್ನೆ ನಮ್ಮೋರು ನೌಕೆ ಇಳಿಸಿದ್ರಲ್ಲ, ಎಲ್ಲಿಗೆ?”

“ಚಂದ್ರ—” ಎಂದು ಸುಹೇಲ್ ಬಾಯಿ ತೆರೆದರೆ, “ನಿನ್ನ ಯಾರ್ ಕೇಳಿದ್ರು? ಹಾಲು ಉಕ್ತಾ ಐತೆ ನೋಡ್ಕ,” ಎಂದು ಗದರಿ, ತಮ್ಮನತ್ತ ಆಸೆಯಿಂದ ನೋಡುತ್ತಿದ್ದ.

ಮುತ್ತುರಾಜು ರಸ್ತೆಯನ್ನೇ ನೋಡುತ್ತಿದ್ದ. ಬಸ್ಸು ಬರುತ್ತಿತ್ತು.

*

ಅಂಗಳದ ಗುಂಪು ಸರಿದು ದಾರಿ ಬಿಟ್ಟಿತು. ಮುತ್ತುರಾಜು ಬಂದಿದ್ದ. ಯಾರ ಮುಖವನ್ನೂ ನೋಡದೆ ಅಣ್ಣನ ತಲೆಯ ಬಳಿ ಕುಳಿತ.

“ಅತ್ಗೆ, ಕಡೇದಾಗಿ ಏನ್ ಕೇಳ್ದ?”

ಭದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಮೊನ್ನೆಯಿಂದ ಮಾತೇ ಇರ್ನಿಲ್ಲ ಕಣಪ್ಪ. ಏನೂ ಕೇಳ್ನಿಲ್ಲ.”

“ಉತ್ತರ ಹೇಳಾನ ಅಂತ ಬಂದೆ.”

“ಹೊತ್ತಾಯ್ತದೆ ಮುತ್ತ,” ಎಂದ ಕರಿಯಪ್ಪ, ಈ ಸಲ ಮೆಲ್ಲಗೆ.

“ಇರು ಮಾವ. ನಾನೇ ಒಂದು ಕೇಳ್ಬುಡ್ತೀನಿ.” ಮುತ್ತುರಾಜು ಅಣ್ಣನತ್ತ ಬಾಗಿದ. “ಅಣ್ಣ, ನಮ್ಮ ಹೆಣ್ಮಕ್ಳು ವರ್ಲ್ಡ್‌ಕಪ್ ಗೆದ್ರಲ್ಲ, ಫೈನಲ್‌ನಾಗೆ ಸೋಲ್ಸಿದ್ದು ಯಾರ್ನ?”

ಅಂಗಳದಲ್ಲಿದ್ದ ಬಹಳ ಮಂದಿಗೆ ಉತ್ತರ ಗೊತ್ತಿತ್ತು. ಮುತ್ತುರಾಜು ಇನ್ನಷ್ಟು ಬಾಗಿ, ಹತ್ತಿ ಇಟ್ಟ ಮೂಗಿನ ಕೆಳಗೆ, ಮುಚ್ಚಿದ ಆ ತುಟಿಗಳಿಗೆ ತನ್ನ ಕಿವಿ ಹಚ್ಚಿದ.