ಕಾಯುವ ಗಾಡಿ

“ತಗೋ ತಮ್ಮಾ, ಬಿಸಿ ಐತೆ.”

ತಿಮ್ಮವ್ವ ವ್ಯಾನಿನ ಕಿಟಕಿಯೊಳಗೆ ಕೈ ಚಾಚಿದಳು. ಮುತ್ತುಗದ ಎಲೆಯ ಮೇಲೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಲೆಯ ಅಂಚಿಗೆ ನಾಲ್ಕು ಹರಳು ಉಪ್ಪು. ಸ್ಟೀರಿಂಗಿನ ಮೇಲೆ ಗದ್ದ ಊರಿ ಆಸ್ಪತ್ರೆಯ ಗೇಟನ್ನೇ ನೋಡುತ್ತಿದ್ದ ಡ್ರೈವರ್ ಹುಲಿಯಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನೆಟ್ಟಗೆ ಕೂತ.

“ಬ್ಯಾಡ ಬಿಡಕ್ಕಾ, ನಂದು ಊಟ ಆಗೈತೆ.”

“ಆಗಿದ್ರೆ ಇನ್ನೊಂದ್ಸಲ ಆಗ್ಲಿ. ಹೊಟ್ಟಿಗೇನು ಬೀಗ ಹಾಕಿದಿಯಾ? ಮೊದ್ಲು ಆ ಉಪ್ಪು ನಾಲಿಗಿ ಮ್ಯಾಲೆ ಇಟ್ಕೊ, ಆಮ್ಯಾಲೆ ರೊಟ್ಟಿ ಮುರಿ.”

ಇದು ಯಾವ ಊರಿನ ಪದ್ಧತಿಯೋ ಎಂದುಕೊಂಡು ಅವನು ಒಂದು ಹರಳು ಬಾಯಿಗೆ ಹಾಕಿಕೊಂಡ. ಅವನು ಚಪ್ಪರಿಸುವವರೆಗೂ ತಿಮ್ಮವ್ವ ಅಲ್ಲೇ ನಿಂತಿದ್ದು, ಆಮೇಲೆ ಸೆರಗಿಗೆ ಕೈ ಒರೆಸಿಕೊಂಡಳು. “ದಿನಾ ಬಿಸ್ಲಾಗೆ ಕೂತು ಕಾಯ್ತೀಯ. ಈ ಕಾಲ್ದಾಗೆ ಯಾರು ಯಾರಿಗೆ ಕಾಯ್ತಾರೆ,” ಎನ್ನುತ್ತ ವಾರ್ಡಿನ ಕಡೆ ಹೊರಟಳು. ಅಲ್ಲಿ ಅವಳ ಮಗಳು ನೀಲಿ ವಿಷಮಶೀತ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಕೊಂಡಜ್ಜಿ ಊರಿನಿಂದ ಅವಳನ್ನು ಹೊತ್ತು ತಂದದ್ದು ಇದೇ ಗಾಡಿ.

ಕಾಯುವುದು ಎಂಬ ನಮ್ಮ ಮಾತು ಬಲು ಮೋಸದ್ದು. ದನ ಕಾಯುವವನೂ ಕಾಯುತ್ತಾನೆ, ಬಸ್ಸಿಗೆ ಕಾಯುವವನೂ ಕಾಯುತ್ತಾನೆ, ಹದ್ದೂ ಕಾಯುತ್ತದೆ. ತಿಮ್ಮವ್ವ ಯಾವ ಅರ್ಥದಲ್ಲಿ ಅಂದಳೋ, ಹುಲಿಯಪ್ಪ ಮುರಿದ ತುತ್ತನ್ನು ಎಲೆಗೇ ಇಟ್ಟ. ಅವನು ಕಾಯುತ್ತಿದ್ದದ್ದು ಹೆಣಕ್ಕೆ.

ನಯಾಪೈಸೆ ಬಂದು ಮೂರ್ನಾಲ್ಕು ವರ್ಷವಾಗಿದ್ದ ಕಾಲ ಅದು. ಹರಿಹರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಇಟ್ಟಿದ್ದ ಕುಬೇರಪ್ಪ ಸಾವ್ಕಾರ ಹಳೆಯ ಮಿಲಿಟರಿ ವ್ಯಾನೊಂದನ್ನು ಹರಾಜಿನಲ್ಲಿ ಹಿಡಿದು, ಬಿಳಿ ಬಣ್ಣ ಬಳಿಸಿ, ಎರಡೂ ಮಗ್ಗುಲಿಗೆ ಕೆಂಪು ಗುರುತು ಬರೆಸಿ ದವಾಖಾನೆ ಗಾಡಿ ಮಾಡಿದ್ದ. ಧರ್ಮದ ಕೆಲಸ ಎಂದು ಜನ ಹೊಗಳಿದರು. ಕುಬೇರಪ್ಪ ಹೊಗಳಿಕೆಯನ್ನೂ ಇಟ್ಟುಕೊಂಡ, ಬಾಡಿಗೆಯನ್ನೂ ಇಟ್ಟುಕೊಂಡ. ಡ್ರೈವರನಿಗೆ ಮಾತ್ರ ತಿಂಗಳ ಸಂಬಳ ಅಂತ ಇರಲಿಲ್ಲ, ಎಲ್ಲ ಖೇಪಿನ ಲೆಕ್ಕ. ರೋಗಿಯನ್ನು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಮುಟ್ಟಿಸಿದರೆ ಒಂದೂವರೆ ರೂಪಾಯಿ. ವಾಪಸ್ ಬರುವಾಗ ಹೆಣ ಒಯ್ದರೆ ಮೂರು; ಬೇರೆ ಗಾಡಿಯವರು ಮುಟ್ಟುವುದಿಲ್ಲವಾದ್ದರಿಂದ ಜನ ಕೇಳಿದಷ್ಟು ಕೊಡುತ್ತಿದ್ದರು. ಖಾಲಿ ಬಂದರೆ ಏನೂ ಇಲ್ಲ, ಮೇಲಾಗಿ ಪೆಟ್ರೋಲಿನ ಅರ್ಧ ಖರ್ಚು ಡ್ರೈವರನ ತಲೆಗೆ. ಬದುಕಿದವರನ್ನು ಊರಿಗೆ ಬಿಡುವುದಕ್ಕೆ ದರವೇ ಇರಲಿಲ್ಲ. “ಬದುಕಿದೋರಿಗೆ ಏನು ದಾಡಿ, ಬಸ್ಸಿಗೆ ಹೋಗ್ತಾರೆ,” ಎನ್ನುತ್ತಿದ್ದ ಕುಬೇರಪ್ಪ.

ಹೀಗಾಗಿ ಬೆಳಿಗ್ಗೆ ರೋಗಿಯನ್ನು ಇಳಿಸಿದ ಹುಲಿಯಪ್ಪ ಸಂಜೆಯವರೆಗೆ ಗೇಟಿನೆದುರು ಬೇವಿನ ಮರದಡಿ ಗಾಡಿ ಹಚ್ಚಿಕೊಂಡು ಕೂರಬೇಕು. ಅಷ್ಟರಲ್ಲಿ ಹರಿಹರದ ಕಡೆ ಯಾರಾದರೂ ಕಾಯಿಲೆ ಬಿದ್ದರೆ ಅವರಿಗೆ ಎತ್ತಿನ ಗಾಡಿಯೇ ಗತಿ. ರಕ್ತ, ವಾಂತಿ ತೊಳೆಯುವವನೂ ಅವನೇ, ಸ್ಟ್ರೆಚರಿನ ಒಂದು ತುದಿ ಹಿಡಿಯುವವನೂ ಅವನೇ. ಈ ಕೆಲಸದಲ್ಲಿ ಅವನು ತಾನಾಗಿ ಮಾಡಿಕೊಂಡ ನಿಯಮ ಒಂದೇ ಒಂದಿತ್ತು. ರೋಗಿ ಇದ್ದರೆ ದಾರಿಯುದ್ದಕ್ಕೂ ಹಾರ್ನಿನ ರಬ್ಬರ್ ಗುಂಡನ್ನು ಹಿಚುಕುತ್ತಲೇ ಬರುವುದು, ಹೆಣ ಇದ್ದರೆ ಅದನ್ನು ಮುಟ್ಟದೆ ಮೆಲ್ಲಗೆ ಬರುವುದು. ಸತ್ತವರ ಮುಂದೆ ಪೊಂ ಪೊಂ ಅನ್ನುವುದು ಮರ್ಯಾದೆಯಲ್ಲ ಎಂದು ಅವನಿಗೆ ಅನ್ನಿಸಿತ್ತು, ಅಷ್ಟೆ. ಸದ್ದಿಲ್ಲದೆ ಗಾಡಿ ಬಂದರೆ ಹೆಣ ಎಂಬುದನ್ನು ಸುತ್ತಲ ಹಳ್ಳಿಗಳೂ ಬೇಗನೆ ಕಲಿತುಬಿಟ್ಟಿದ್ದವು.

ಹೇಸಿಗೆ ಅನ್ನಿಸಿದರೆ ಬಿಡಬಹುದಿತ್ತಲ್ಲ ಎನ್ನಬಹುದು. ಬಿಟ್ಟರೆ ಜಿನ್ನಿಗೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಅವನು ಕುಬೇರಪ್ಪನ ಜಿನ್ನಿನಲ್ಲೇ ಹತ್ತಿಯ ದೊಡ್ಡ ಮೂಟೆಗಳನ್ನು, ಅಂಡಿಗೆಗಳನ್ನು ಹೊರುತ್ತಿದ್ದ. ಆ ಧೂಳಿಗೆ ಹಿಡಿದ ಕೆಮ್ಮು ಅವನನ್ನು ಅರ್ಧ ತಿಂದುಹಾಕಿತ್ತು. ಲಾರಿಯವರ ಕೈಕಾಲು ಹಿಡಿದು ಡ್ರೈವಿಂಗ್ ಕಲಿತದ್ದೇ ಅದರಿಂದ ಪಾರಾಗಲಿಕ್ಕೆ. ಗಾಡಿಯ ಕೆಲಸ ಸಿಕ್ಕ ಮೇಲೆ ಕೆಮ್ಮು ನಿಂತಿತ್ತು. “ನೀನು ಹೆಣ ಹೊತ್ರೂ ಚಿಂತಿಲ್ಲ, ಆ ಹತ್ತಿ ಧೂಳು ಮಾತ್ರ ಬ್ಯಾಡ,” ಎಂದು ಹೆಂಡತಿ ಓಬವ್ವ ಕಡ್ಡಿ ಮುರಿದ ಹಾಗೆ ಹೇಳಿದ್ದಳು.

ಆದರೆ ಆ ಸಲ ಮೂರು ವಾರದಿಂದ ವಾಪಸ್ ಖೇಪೇ ಸಿಕ್ಕಿರಲಿಲ್ಲ. ಕುಬೇರಪ್ಪನ ಸಹನೆ ತೀರಿತ್ತು.

“ಏನೋ ಹುಲಿಯಾ, ದೊಡ್ಡಾಸ್ಪತ್ರಿಯಾಗೆ ಜನ ಸಾಯೋದು ಬಿಟ್ಟಾರೇನು? ಸೋಮವಾರದ ತನಕ ಖಾಲಿನೇ ಬಂದ್ರೆ ಕೀಲಿಕೈ ಹಿದಾಯತ್‌ಗೆ ಕೊಡು. ನೀನು ಅಂಡಿಗಿ ಹೊರಾಕೆ ಬಾ.”

ಹಿದಾಯತ್ ಕುಬೇರಪ್ಪನ ಹತ್ತಿ ಲಾರಿ ಓಡಿಸುವವನು, ಪಾಪ, ಅವನಿಗೂ ಈ ಗಾಡಿಯ ಆಸೆಯೇನೂ ಇರಲಿಲ್ಲ.

ಗೇಟಿನ ಪಕ್ಕದ ಚಾದಂಗಡಿಯ ಮಸ್ತಾನಸಾಬ್ ಹುಲಿಯಪ್ಪನ ಕಷ್ಟ ಬಲ್ಲವನು. ವಾರ್ಡುಗಳಿಗೆ ಚಾ ಕೊಟ್ಟು ಬರುವಾಗ ಒಳಗಿನ ಸುದ್ದಿ ತರುತ್ತಿದ್ದ. ಶುಕ್ರವಾರ ಅವನು ಕಿಟಕಿಗೆ ಬಾಯಿ ಹಚ್ಚಿ, “ಕೊಂಡಜ್ಜಿ ಹುಡುಗಿದು ಕಷ್ಟ ಐತೆ ಅಂತಾರೆ. ಇವತ್ತು ಎಲ್ಲೂ ಹೋಗಬ್ಯಾಡ,” ಎಂದಿದ್ದ. ಹುಲಿಯಪ್ಪನ ಎದೆಯಲ್ಲಿ ಮೊದಲು ಎದ್ದದ್ದು ಸಂಕಟವಲ್ಲ. ಸದ್ಯ, ಸೋಮವಾರಕ್ಕೆ ಮುಂಚೆಯೇ ಆಯಿತಲ್ಲ ಎಂಬ ನಿರಾಳ. ಮರುಗಳಿಗೆಯೇ ಅವನು ಅದನ್ನು ಅದುಮಿಟ್ಟ, ಆದರೆ ಎದ್ದದ್ದಂತೂ ನಿಜ. ಅಷ್ಟರಲ್ಲಿ ಕಣ್ಣು ಊದಿಸಿಕೊಂಡ ತಿಮ್ಮವ್ವ ಎಲೆ ಹಿಡಿದು ಬಂದಿದ್ದಳು. ಮಗಳು ಸಾಯುತ್ತಿದ್ದಾಗಲೂ ಆಸ್ಪತ್ರೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಇವನಿಗೆ ರೊಟ್ಟಿ ಬಡಿದಿದ್ದಳು. ಅವತ್ತೂ ಎಲೆಯಂಚಿಗೆ ಉಪ್ಪಿತ್ತು.

ನೀಲಿ ಸಾಯಲಿಲ್ಲ. ಜ್ವರ ಬೆಳಗಿನ ಹೊತ್ತಿಗೆ ಬೆವರಾಗಿ ಇಳಿಯಿತು.

ಸೋಮವಾರ ಹುಲಿಯಪ್ಪ ಹರಿಹರದಿಂದ ಒಬ್ಬ ಬಸುರಿಯನ್ನು ತಂದು ಇಳಿಸಿ ಮರದಡಿ ಗಾಡಿ ಹಚ್ಚಿದ. ಮಸ್ತಾನಸಾಬ್ ಕರೆಯದೆಯೇ ಚಾ ತಂದ. “ಗಂಡಸರ ವಾರ್ಡಿನಾಗೆ ಕುಕ್ಕುವಾಡದ ಮುದುಕ ಒಬ್ಬ ಅದಾನೆ. ಮಧ್ಯಾಹ್ನ ದಾಟಲ್ಲಂತೆ. ಅಲ್ಲಾಡಬ್ಯಾಡ. ನಿನ್ನ ಕೀಲಿಕೈ ಉಳೀತು ಅನ್ಕೋ.”

ಚಾ ಇನ್ನೂ ಕೈಯಲ್ಲೇ ಇತ್ತು. ತಲೆಯ ಮೇಲೆ ಗಂಟು ಹೊತ್ತ ತಿಮ್ಮವ್ವ ಗೇಟಿನಿಂದ ಹೊರಬಂದಳು. ಅವಳ ಸೊಂಟ ಹಿಡಿದು, ಕಡ್ಡಿಯಂಥ ಕಾಲು ಎಳೆಯುತ್ತ ನೀಲಿ ಬಂದಳು.

“ಡಾಕ್ಟ್ರು ಬಿಟ್ರು ತಮ್ಮಾ. ನಡಿ ಊರಿಗೆ.”

“ಅಕ್ಕಾ, ಬಸ್ಸೈತಲ್ಲ...”

“ಬಸ್ಸು ಸಂಜಿಗೆ. ಹುಡುಗಿ ನಿಂತ್ರೆ ಬೀಳ್ತಾಳೆ. ಇಷ್ಟು ದಿನ ಕಾದೋನು ಈಗ ಬಸ್ಸು ಅಂತೀಯಲ್ಲ.”

ನೀಲಿ ಆಗಲೇ ಬಾಗಿಲ ಹಿಡಿಕೆ ಹಿಡಿದುಕೊಂಡು ಒಳಗೆ ಇಣುಕುತ್ತಿದ್ದಳು. “ನಾನು ಇದ್ರಾಗೇ ಬಂದ್ನಾ? ನಂಗೇನೂ ಗೊತ್ತೇ ಇಲ್ಲ. ಈಗ ಮುಂದೆ ಕೂಡ್ತೀನಿ.”

ಹುಲಿಯಪ್ಪ ಗಂಡಸರ ವಾರ್ಡಿನ ಕಿಟಕಿಯ ಕಡೆ ನೋಡಿದ. ಇವರನ್ನು ಬಿಟ್ಟು ಮತ್ತೆ ಇಲ್ಲಿಗೆ ಬರುವಷ್ಟು ಪೆಟ್ರೋಲಿಲ್ಲ, ಆ ಮುದುಕನ ಕಡೆಯವರು ಊರಿಂದ ಎತ್ತಿನ ಗಾಡಿ ತರಿಸಿಕೊಳ್ಳುತ್ತಾರೆ. ಇಲ್ಲೇ ಕೂತರೆ ಕೆಲಸ ಉಳಿಯುತ್ತದೆ. ಆದರೆ ಮುಖವನ್ನೂ ನೋಡದ ಒಬ್ಬ ಮುದುಕ ಹೊತ್ತಿಗೆ ಸರಿಯಾಗಿ ಸಾಯಲಿ ಎಂದು ಇಡೀ ಬೆಳಗು ಬಯಸುತ್ತ ಕೂರಬೇಕು. ಶುಕ್ರವಾರದ ಆ ನಿರಾಳ ಅವನಿಗೆ ನೆನಪಾಯಿತು. ತನ್ನ ಮೇಲೆಯೇ ಅಸಹ್ಯವಾಯಿತು.

“ಹತ್ತಕ್ಕಾ,” ಎಂದ.

“ಹುಚ್ಚು ಹಿಡೀತೇನೋ ನಿನಗೆ?” ಎಂದು ಮಸ್ತಾನಸಾಬ್ ಗಾಡಿಗೆ ಅಡ್ಡ ಬಂದ.

“ಈ ಚಾ ನೀನೇ ಕುಡಿ ಭಾಯ್,” ಎಂದು ಹುಲಿಯಪ್ಪ ಲೋಟ ಅವನ ಕೈಗಿಟ್ಟ.

ಊರು ದಾಟಿ ಗಾಡಿ ಕೊಂಡಜ್ಜಿ ದಾರಿಗೆ ಹೊರಳಿತು. ಎರಡೂ ಕಡೆ ಬಿಳಿಜೋಳ ತೆನೆಗೆ ಬಂದಿತ್ತು. ನೀಲಿ ಇಬ್ಬರ ನಡುವೆ ಕೂತು ಕಣ್ಣಿಗೆ ಬಿದ್ದದ್ದನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದಳು. ಹುಲಿಯಪ್ಪನಿಗೆ ತಡೆಯಲಾಗಲಿಲ್ಲ.

“ಅಕ್ಕಾ, ನಾನು ಅಲ್ಲಿ ಕಾದಿದ್ದು ನೀನು ತಿಳ್ಕೊಂಡಂಗಲ್ಲ.”

“ಗೊತ್ತೈತೆ.”

“ಏನು ಗೊತ್ತೈತೆ?”

“ಬಂದ ದಿನಾನೇ ವಾರ್ಡಿನ ಆಯಾ ಮೈಲಮ್ಮ ಹೇಳಿದ್ಳು. ಆ ಗಾಡಿ ಹೆಣಕ್ಕೆ ಕೂತಿರ್ತೈತೆ, ಅದ್ರ ಕಡೆ ಮಕ ಮಾಡಿ ಹುಡುಗಿನ ಮಲಗಿಸಬ್ಯಾಡ ಅಂತ.” ತಿಮ್ಮವ್ವ ದಾರಿಯನ್ನೇ ನೋಡುತ್ತಿದ್ದಳು. “ನಾನೇನು ಮಾಡ್ಲಿ? ನಿನ್ನ ಓಡ್ಸಾಕಾಗ್ತಿತ್ತಾ? ಉಪ್ಪು ಹಾಕ್ದೆ. ಉಪ್ಪು ತಿಂದೋನು ಆ ಮನಿಗೆ ಕೆಟ್ಟದ್ದು ಬಯಸಾಕಾಗಲ್ಲ ಅಂತಿದ್ಳು ನಮ್ಮವ್ವ.”

ಹುಲಿಯಪ್ಪ ಗೇರು ಬದಲಿಸಿದ.

“ಶುಕ್ರಾರ ಬಯಸಿದ್ದೆ ಅಕ್ಕಾ.”

ತಿಮ್ಮವ್ವ ಮಗಳ ತಲೆಯನ್ನು ತನ್ನ ಕಡೆ ಎಳೆದುಕೊಂಡಳು. ಗಾಡಿ ಒಂದು ಹಳ್ಳ ಇಳಿದು ಹತ್ತಿತು.

“ಶುಕ್ರಾರ ಒಂದು ಹರಳು ಜಾಸ್ತಿ ಇಟ್ಟಿದ್ದೆ,” ಎಂದಳು.

ಹುಲಿಯಪ್ಪನ ಕಣ್ಣು ಮಂಜಾಗಿತ್ತು, ಮನಸ್ಸು ಎಲ್ಲೋ ಇತ್ತು. ವಾಪಸ್ ದಾರಿಯಲ್ಲಿ ಹಿಂದೆ ಯಾರಾದರೂ ಇದ್ದಾಗ ಓಡಿಸುವ ಹಾಗೆಯೇ ಕೈಗಳು ತಾವಾಗಿ ಗಾಡಿಯನ್ನು ಮೆಲ್ಲಗೆ, ಸದ್ದಿಲ್ಲದೆ ಓಡಿಸುತ್ತಿದ್ದವು. ಕೊಂಡಜ್ಜಿ ಕೆರೆಯ ಏರಿ ಹತ್ತಿದಾಗ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಕೈಯಲ್ಲಿದ್ದ ಬಟ್ಟೆ ನೀರಿಗೆ ಬಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ಪಕ್ಕದವಳು ಎದೆ ಬಡಿದುಕೊಂಡಳು. ಅಳು ನೀರಿನ ಮೇಲೆ ಹಾದು ಊರಿನ ಕಡೆ ಹೋಯಿತು. ಏರಿಯ ಕೆಳಗಿನ ಹೊಲದಿಂದ ತಿಮ್ಮವ್ವನ ಗಂಡ ಭರಮಣ್ಣ ಓಡಿ ಬಂದವನು, ಗಾಡಿ ಕಂಡದ್ದೇ ಮಣ್ಣಿನಲ್ಲಿ ಕೂತುಬಿಟ್ಟ.

“ಯಾಕಕ್ಕಾ ಅಳ್ತಾರೆ ಇವ್ರು?” ಎಂದು ಹುಲಿಯಪ್ಪ ಬ್ರೇಕು ಒತ್ತಿದ. ಕೇಳಿದ ಮೇಲೆ ಅವನಿಗೇ ಹೊಳೆಯಿತು. ದಾವಣಗೆರೆ ಬಿಟ್ಟಾಗಿನಿಂದ ಅವನು ಹಾರ್ನು ಮುಟ್ಟಿರಲಿಲ್ಲ.

ಅವನು ತಡಕಾಡಿದ, ಗುಂಡು ಸಿಗಲಿಲ್ಲ. ನೀಲಿ ಅವನ ತೊಡೆಯ ಮೇಲೆ ಬಗ್ಗಿ ಎರಡೂ ಕೈಯಿಂದ ಅದನ್ನು ಹಿಚುಕಿದಳು. ಪೊಂ. ಮತ್ತೆ ಪೊಂ. ಅವಳಿಗೆ ಅದೊಂದು ಆಟವಾಯಿತು, ನಿಲ್ಲಿಸಲೇ ಇಲ್ಲ. ಅಳು ಒಂದೊಂದಾಗಿ ನಿಂತಿತು. ಭರಮಣ್ಣ ಎದ್ದು ಬಂದು ಕಿಟಕಿಯೊಳಗೆ ಕೈ ಹಾಕಿ ಮಗಳ ಹಣೆ, ಮೂಗು, ಕೆನ್ನೆ ಮುಟ್ಟಿ ಮುಟ್ಟಿ ನೋಡಿದ. ಹಿಂದೆಯೇ ಕೋಲೂರಿ ಬಂದ ಅವನ ತಾಯಿ ಹುಲಿಯಪ್ಪನ ಭುಜಕ್ಕೆ ಒಂದು ಗುದ್ದಿದಳು. “ಹಾಳಾದೋನೆ, ಒಂದ್ಸಲ ಪೊಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ಬೈದು, ಆ ಭುಜದ ಮೇಲೆಯೇ ತಲೆಯಿಟ್ಟು ಅತ್ತಳು.

“ಬಾಡಿಗಿ ಎಷ್ಟ್ರಿ?” ಎಂದು ಭರಮಣ್ಣ ಕೇಳಿದ.

“ಇದಕ್ಕೆ ದರ ಇಲ್ರಿ,” ಎಂದ ಹುಲಿಯಪ್ಪ.

ಹರಿಹರದಲ್ಲಿ ಕುಬೇರಪ್ಪ ಗದ್ದುಗೆಯ ಮೇಲಿಂದ ಕೇಳಿದ್ದು ಒಂದೇ ಮಾತು: “ಖಾಲೀನಾ?” ಹುಲಿಯಪ್ಪ ಕೀಲಿಕೈಯನ್ನು ಅವನ ಮುಂದಿಟ್ಟ. ಹೊರಗೆ ಹಿದಾಯತ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. “ನಾನು ಕೇಳಿದ್ದಲ್ಲ ಭಾಯ್ ಇದು. ಏನಾದ್ರೂ ಹೇಳೋದೈತಾ?”

“ಜೀವ ಇದ್ರೆ ಹಾರ್ನ್ ಒತ್ತು. ಹೋಗೋವಾಗ್ಲೂ ಒತ್ತು, ಬರೋವಾಗ್ಲೂ ಒತ್ತು.”

ಓಬವ್ವ ಬೈಯಲಿಲ್ಲ. ಹಳೆಯ ಸೀರೆಯ ಮೆತ್ತನೆಯ ತುಂಡೊಂದನ್ನು ಹರಿದು, ಮೂಗು ಬಾಯಿ ಮುಚ್ಚಿ ಹಿಂದೆ ಕಟ್ಟಲು ಬರುವ ಹಾಗೆ ಹೊಲಿದುಕೊಟ್ಟಳು.

ಎರಡು ತಿಂಗಳಾಗುವ ಹೊತ್ತಿಗೆ ಕೆಮ್ಮು ವಾಪಸ್ ಬಂದಿತು. ಜಿನ್ನಿನ ಯಂತ್ರ ನಿಂತ ಮೇಲೆ, ಉಳಿದ ಅಂಡಿಗೆಗಳನ್ನು ಗೋದಾಮಿಗೆ ಹೊರುವ ಹೊತ್ತಿಗೆ, ದಾವಣಗೆರೆ ರಸ್ತೆಯಿಂದ ಗಾಡಿ ವಾಪಸ್ ಬರುತ್ತಿತ್ತು. ಅದರ ಇಂಜಿನ್ನಿನ ಸದ್ದು ಹುಲಿಯಪ್ಪನಿಗೆ ದೂರದಿಂದಲೇ ತಿಳಿಯುತ್ತಿತ್ತು. ಹಿಂದೆ ಬರುವ ಹಮಾಲಿ, “ನಡಿಯಪ್ಪ, ಯಾಕ ನಿಂತೆ?” ಎನ್ನುತ್ತಿದ್ದ. ಹುಲಿಯಪ್ಪ ಬೆನ್ನ ಮೇಲಿನ ಅಂಡಿಗೆಯನ್ನು ಇಳಿಸದೆ, ಕೆಮ್ಮನ್ನು ಗಂಟಲಲ್ಲೇ ಹಿಡಿದು, ರಸ್ತೆಯ ಕಡೆ ಕಿವಿಗೊಟ್ಟು, ಒಂದು ಪೊಂ ಕೇಳಲೆಂದು ಕಾಯುತ್ತಿದ್ದ.