ಹನ್ನೊಂದನೇ ಪ್ಯಾರಾ

ನರ್ಸ್ ಮೊದಲು ಉಂಗುರ ಕತ್ತರಿಸಿದಳು. ಊದಿದ ಬೆರಳಿಗೂ ಚಿನ್ನಕ್ಕೂ ನಡುವೆ ಸಣ್ಣ ತಗಡೊಂದನ್ನು ತೂರಿಸಿ, ಪುಟ್ಟ ಗರಗಸದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಹೋದಳು. ಅಕ್ಕ ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಉಂಗುರ ಟ್ರೇಗೆ ಬಿದ್ದ ಸದ್ದಿಗೆ ಮಾತ್ರ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ನರ್ಸ್ ಅಂಗೈ ಮೇಲೆ ಗಟ್ಟಿಯಾಗಿ ಕೂತಿದ್ದ ಬಿಳಿ ಪದರವನ್ನು ಒದ್ದೆ ಹತ್ತಿಯಿಂದ ನೆನೆಸತೊಡಗಿದಳು.

"ಟೂತ್‌ಪೇಸ್ಟಾ?" ಎಂದಳು, ತಲೆ ಎತ್ತದೆ.

"ಹೂಂ."

"ಯಾರು ಹೇಳಿದ್ದು ಹಚ್ಚೋಕೆ?"

ಅಕ್ಕ ಮತ್ತೆ ಗೋಡೆಗೆ ಕಣ್ಣು ನೆಟ್ಟಳು. ಪಕ್ಕದಲ್ಲಿ ನಿಂತಿದ್ದ ತಂಗಿಯ ಕಡೆ ನೋಡಲೂ ಇಲ್ಲ.

"ಎಲ್ಲಾ ಫೋನ್ ನೋಡ್ಕೊಂಡು ಡಾಕ್ಟರಾಗ್ತಾರೆ," ಎಂದಳು ನರ್ಸ್. "ನಿನ್ನೆನೇ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹಿಡಿದಿದ್ರೆ ಇಷ್ಟು ಆಗ್ತಿರಲಿಲ್ಲ. ಉಂಗುರಾನೂ ಆಗಲೇ ತೆಗೀಬೇಕಿತ್ತು. ಬಟ್ಟೆ ಹೊಲೀತೀರಿ ಅಂದ್ರಲ್ಲ, ತಿಂಗಳ ಮಟ್ಟಿಗೆ ಕತ್ತರಿ ಮುಟ್ಟಬೇಡಿ."

ಮೂವತ್ತು ವರ್ಷದಿಂದ ಕತ್ತರಿ ಬಿಟ್ಟಿರದ ಅಕ್ಕ ತಲೆಯಾಡಿಸಿದಳು. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ, ಕೋಟಿನ ಕಾಲರ್ ಇಸ್ತ್ರಿ ಮಾಡುವಾಗ ಪೆಟ್ಟಿಗೆ ಜಾರಿದ್ದನ್ನೂ ಬೀಳುವುದನ್ನು ತಡೆಯಲು ಹೋಗಿ ತಾನು ಅಂಗೈ ಕೊಟ್ಟಿದ್ದನ್ನೂ ಇನ್ನೊಮ್ಮೆ ಹೇಳಿದಳು. ಹಾಗೇ ತಡೆದು, ಬೇರೆ ಯಾರದೋ ವಿಷಯದಂತೆ ಅಂದಳು:

"ನಿನ್ನ ಪುಟಾನೇ ನೋಡ್ದೆ ಕಣೇ."

"ಯಾವ ಪುಟ?"

"ಸುಟ್ಟ ಗಾಯದ್ದು. ಹುಡುಕಿದ್ರೆ ಮೊದಲು ಅದೇ ಬಂತು. ನಿನ್ನ ಫೋಟೋನೂ ಇತ್ತು. ಬೇರೆಯವರದ್ದಾಗಿದ್ರೆ ಪಕ್ಕದ ಮನೆಯವರನ್ನ ಕೇಳ್ತಿದ್ದೆ. ನಿಂದಲ್ವಾ ಅಂತ ನಂಬ್ದೆ."

"ನಾನು ಎಲ್ಲಿ ಹಚ್ಚು ಅಂತ ಬರೆದಿದೀನಿ ಅಕ್ಕಾ?"

"ಟೂತ್‌ಪೇಸ್ಟು, ಅಜ್ಜಿ ಕಾಲದ ಉಪಾಯ ಅಂತಿತ್ತು. ಮುಂದೆ ಓದೋಣ ಅಂದ್ರೆ ಹಾಸಿಗೆ ಜಾಹೀರಾತು ಬಂದು ಅಡ್ಡ ನಿಲ್ತು. ಎಡಗೈಲಿ ಎಷ್ಟು ಅಂತ ಒತ್ತಲಿ? ಕೈ ಉರೀತಿತ್ತು. ಹಚ್ಕೊಂಡೆ."

ತಂಗಿ ಅಲ್ಲೇ ಫೋನು ತೆರೆದಳು. ಪುಟದ ಎರಡನೇ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿತ್ತು: "ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್: ಅಜ್ಜಿ ಕಾಲದ ಈ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆಯೇ?" ಇಲ್ಲ, ಹಚ್ಚಲೇಬೇಡಿ ಎಂಬ ಉತ್ತರ ಹನ್ನೊಂದನೇ ಪ್ಯಾರಾದಲ್ಲಿತ್ತು. ನೀರೂ ಅಲ್ಲೇ, ಉಂಗುರವೂ ಅಲ್ಲೇ.

ಆ ಪುಟಕ್ಕಾಗಿ ಎಂಟು ತಿಂಗಳ ಹಿಂದೆ ಅವಳು ಮೂರು ದಿನ ಓಡಾಡಿದ್ದಳು. ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ ಎಂಬ ಒಂದೇ ಪ್ರಶ್ನೆಗೆ ಇಬ್ಬರು ವೈದ್ಯರಿಗೆ ಎರಡೆರಡು ಸಲ ಫೋನು ಮಾಡಿದ್ದಳು. ಹತ್ತೊಂಬತ್ತು ವರ್ಷ ಪತ್ರಿಕೆಯ ಆರೋಗ್ಯ ಪುಟ ನೋಡಿಕೊಂಡು ವೆಬ್‌ಸೈಟಿಗೆ ಬಂದವಳು. ಬರೆದದ್ದು ಆರು ಸಾಲು, ಆರೂ ಗಟ್ಟಿ. ವೆಬ್‌ಸೈಟಿನ ಸಂಪಾದಕ ಅದನ್ನು ನೋಡಿ ನಕ್ಕಿದ್ದ. ಬಂದ ಕೂಡಲೇ ಉತ್ತರ ಸಿಕ್ಕರೆ ಓದುಗ ಎದ್ದು ಹೋಗುತ್ತಾನೆ, ಎರಡು ನಿಮಿಷವಾದರೂ ಕೂರಿಸಬೇಕು ಎಂದಿದ್ದ. ಒಂದು ಅಂಶವೂ ತಪ್ಪಾಗಬಾರದು ಎಂದು ಅವಳು ಜಗಳವಾಡಿ ಗೆದ್ದಿದ್ದಳು. ಅಂಶಗಳು ಯಾವ ಜಾಗದಲ್ಲಿರಬೇಕು ಎಂಬುದನ್ನು ಅವನಿಗೆ ಬಿಟ್ಟುಕೊಟ್ಟಿದ್ದಳು. ಅಜ್ಜಿ ಕಾಲದ ಉಪಾಯದ ಸಾಲಂತೂ ಅವಳದೇ. ಚಹಾ ಕುಡಿಯುತ್ತ ಐದು ನಿಮಿಷದಲ್ಲಿ ಬರೆದು, ಪರವಾಗಿಲ್ಲ, ನನಗೂ ಬರುತ್ತದೆ ಎಂದುಕೊಂಡಿದ್ದಳು.

ಮರುದಿನ ಬೆಳಗ್ಗೆ ಅವಳು ಕಚೇರಿಗೆ ಹೋದದ್ದು ಪ್ಲಾಸ್ಟಿಕ್ ಪೊಟ್ಟಣದಲ್ಲಿದ್ದ ತುಂಡು ಉಂಗುರದ ಜೊತೆ.

ಸಂಪಾದಕನನ್ನು ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಗ್ರಾಫ್ ಎನ್ನುತ್ತಿದ್ದರು. ಗೋಡೆಯ ಪರದೆಯಲ್ಲಿ ಏರಿಳಿಯುವ ಹಸಿರು ಗೆರೆ ನೋಡದೆ ಅವನು ಯಾರಿಗೂ ನಮಸ್ಕಾರ ಹೇಳಿದವನಲ್ಲ. ಒಂದು ಕಾಲಕ್ಕೆ ಪತ್ರಿಕೆಯಲ್ಲಿ ಅವಳ ಕೈಕೆಳಗೆ ಕೆಲಸ ಕಲಿತವನು. ಈಗ ಮೇಲಿನವನಾದರೂ ಮೇಡಂ ಎನ್ನುವುದು ಬಿಟ್ಟಿರಲಿಲ್ಲ. ಅವಳು ಏಕವಚನ ಬಿಟ್ಟಿರಲಿಲ್ಲ.

ಅವಳು ಕೈಗಡಿಯಾರ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು.

"ಫೋನ್ ತೆಗಿ. ಬಲಗೈ ಮೇಜಿನ ಕೆಳಗಿಡು. ಕೈ ಸುಟ್ಟಿದೆ ಅಂದ್ಕೊ. ನಮ್ಮ ಪುಟದಲ್ಲಿ ಏನು ಮಾಡಬೇಕು ಅಂತ ಹುಡುಕು."

"ಏನ್ ಮೇಡಂ ಇದು, ಬೆಳಬೆಳಗ್ಗೆ ಪರೀಕ್ಷೆ?"

"ಹುಡುಕಪ್ಪಾ."

ಅವಳ ಮುಖ ನೋಡಿ ಅವನು ಫೋನು ತೆಗೆದ. ಎಡಗೈ ಹೆಬ್ಬೆರಳಿನಲ್ಲಿ ತಳ್ಳುತ್ತ ಹೋದ. ಹಾಸಿಗೆ ಜಾಹೀರಾತಿನ ಮೂಲೆಯ ಗುಣಿಸು ಗುರುತನ್ನು ಒತ್ತಲು ಹೋಗಿ ಅಂಗಡಿಯೊಳಗೇ ಹೋಗಿಬಿಟ್ಟ. ವಾಪಸ್ ಬಂದ. ಮತ್ತೆ ಮೇಲಿನಿಂದ ಶುರುವಾಯಿತು. ಸುಟ್ಟ ಗಾಯದ ಇತಿಹಾಸ, ಚರ್ಮದ ಪದರಗಳು, "ನಿಮಗೆ ಗೊತ್ತೇ?" ಎಂಬ ಚೌಕ, ತನ್ನಷ್ಟಕ್ಕೆ ಓಡತೊಡಗಿದ ವೀಡಿಯೊ. ಪಕ್ಕದ ಮೇಜುಗಳ ಟೈಪಿಂಗ್ ಸದ್ದು ಒಂದೊಂದಾಗಿ ನಿಂತಿತು.

"ಇಲ್ಲಿದೆ," ಎಂದ ಕೊನೆಗೆ.

"ಒಂದು ನಿಮಿಷ ಐವತ್ತೆರಡು ಸೆಕೆಂಡು. ಉರಿ ಇಲ್ಲದ ಕೈಗೆ."

"ನಮ್ಮ ಓದುಗರ ಸರಾಸರಿ ಎರಡು ನಿಮಿಷ ಹತ್ತು ಸೆಕೆಂಡು ಮೇಡಂ. ಇಡೀ ಸೈಟಲ್ಲಿ ಇದೇ ಟಾಪ್," ಎಂದ ಅವನು, ಬಾಯಿತಪ್ಪಿ ಬಂದ ಹೆಮ್ಮೆಯಿಂದ.

ಅವಳು ಪೊಟ್ಟಣ ತೆಗೆದು ಗಡಿಯಾರದ ಪಕ್ಕ ಇಟ್ಟಳು. "ಇದು ಆ ಸರಾಸರಿಯೊಳಗಿನ ಒಬ್ಬಳದ್ದು. ನನ್ನ ಅಕ್ಕನದ್ದು. ನಾನು ಬರೆದದ್ದು ಅಂತ ನಂಬಿ, ಹನ್ನೊಂದನೇ ಪ್ಯಾರಾ ತನಕ ಬರೋಕಾಗದೆ, ಟೂತ್‌ಪೇಸ್ಟ್ ಹಚ್ಕೊಂಡು ರಾತ್ರಿಯೆಲ್ಲ ಕೂತಿದ್ದಾಳೆ."

ಅವನು ಉಂಗುರ ನೋಡಿದ. ನಿಜಕ್ಕೂ ಮುಖ ಇಳಿಯಿತು. ಆಮೇಲೆ ಕಣ್ಣು ತಾನಾಗಿ ಪರದೆಯ ಕಡೆ ಹೋಯಿತು.

"ಛೆ, ಹಾಗಾಗಬಾರದಿತ್ತು. ಆದ್ರೆ ತಪ್ಪು ಮಾಹಿತಿ ಏನೂ ಇಲ್ವಲ್ಲ ಮೇಡಂ. ಆ ಸಾಲೂ ನಿಮ್ದೇ."

"ನಂದೇ. ಬೇರೆಯವರದ್ದಾಗಿದ್ರೆ ಬೈದು ಹೋಗ್ತಿದ್ದೆ. ಆರು ಸಾಲು ಮೇಲೆ ತರ್ತೀನಿ. ಒಪ್ಪಿಗೆ ಒತ್ತು."

"ಮೇಲೆ ತಂದ್ರೆ ಯಾರು ಕೂರ್ತಾರೆ? ಓದಿ ಎದ್ದು ಹೋಗ್ತಾರೆ."

"ಹೋಗಲಿ. ನೀರಿಗೆ ಕೈ ಒಡ್ಡಲಿ. ಸರಿ ಇದೆ ಅಂತ ಗೊತ್ತಾದ್ರೆ ಇನ್ನೊಂದು ದಿನ ಇನ್ನೊಂದಕ್ಕೆ ಬರ್ತಾರೆ."

"ಕೈ ಸುಟ್ಕೊಂಡವರು ದಿನಾ ಸುಟ್ಕೋತಾರಾ ಮೇಡಂ?" ಎಂದು ನಗಲು ನೋಡಿದ. ಯಾರೂ ನಗದಿದ್ದಾಗ ದನಿ ತಗ್ಗಿಸಿದ. "ಒಂದು ಕೆಲಸ ಮಾಡೋಣ. ನಿಮ್ಮ ಹೆಸರು, ಫೋಟೋ ತೆಗೆದುಬಿಡ್ತೀನಿ. ಆರೋಗ್ಯ ವಿಭಾಗ ಅಂತ ಹಾಕೋಣ. ನಿಮಗೂ ತಲೆಬಿಸಿ ಇರಲ್ಲ."

ಅವಳ ಕಿವಿಯವರೆಗೂ ಬಿಸಿ ಏರಿತು. ದನಿ ಮಾತ್ರ ಏರಲಿಲ್ಲ.

"ನನ್ನ ಹೆಸರು ತೆಗೆದ್ರೆ ಯಾರ ಕೈ ಮೇಲೆ ನೀರು ಬೀಳುತ್ತೋ? ಹೆಸರು ಇರುತ್ತೆ. ಸಾಲು ಮೇಲೆ ಬರುತ್ತೆ. ಕೆಳಗೆ ತಿದ್ದುಪಡಿ ಅಂತಾನೂ ಹಾಕ್ತೀನಿ."

"ತಪ್ಪೇ ಇಲ್ಲದ ಮೇಲೆ ಯಾವುದಕ್ಕೆ ತಿದ್ದುಪಡಿ?"

"ಜಾಗಕ್ಕೆ."

"ವೆಬ್‌ಸೈಟಲ್ಲಿ ಯಾರು ತಿದ್ದುಪಡಿ ಹಾಕ್ತಾರೆ? ಬದಲಾಯಿಸಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ."

"ಅದಕ್ಕೇ ಹಾಕೋದು. ಒತ್ತದಿದ್ರೆ ಬಿಡು. ಆಸ್ಪತ್ರೆ ಚೀಟಿ ನನ್ನ ಹತ್ತಿರ ಇದೆ. ಇದನ್ನ ಬೇರೆ ಕಡೆ ಬರೀತೀನಿ, ನಿಂದೂ ನಂದೂ ಎರಡೂ ಹೆಸರು ಹಾಕಿ. ಸುದ್ದಿ ಎಲ್ಲಿರುತ್ತೆ ಅಂತ ನಿನಗೆ ಗೊತ್ತಲ್ಲ, ನಾನೇ ಕಲಿಸಿದ್ದು. ಮೊದಲ ವಾಕ್ಯದಲ್ಲಿ."

ಅವಳು ನಿಂತುಕೊಂಡೇ ಅವನ ಪಕ್ಕದ ಕಂಪ್ಯೂಟರಿನಲ್ಲಿ ಪುಟ ತೆರೆದು, ಆರು ಸಾಲು ಮೇಲೆ ತಂದಳು. ಅಜ್ಜಿ ಕಾಲದ ಉಪಾಯವನ್ನು ಅಳಿಸಿದಳು. ಕೆಳಗೆ ಬರೆದಳು: "ತಿದ್ದುಪಡಿ: ಈ ಮಾಹಿತಿಯನ್ನು ಎಂಟು ತಿಂಗಳು ಹನ್ನೊಂದನೇ ಪ್ಯಾರಾದಲ್ಲಿ ಇಡಲಾಗಿತ್ತು." ಒಂದು ಕ್ಷಣ ನೋಡಿ, "ಇಡಲಾಗಿತ್ತು" ಹೊಡೆದು ಹಾಕಿ "ಇಟ್ಟಿದ್ದೆ" ಎಂದು ಮಾಡಿದಳು.

ಗ್ರಾಫ್ ಮೌಸನ್ನು ಒಪ್ಪಿಗೆ ಗುಂಡಿಯ ಮೇಲೆ ತಂದ.

"ಒಂದು ವಾರ," ಎಂದ. "ಸರಾಸರಿ ಬಿದ್ರೆ ಆ ಪುಟ ಹಳೇ ಥರಾನೇ ಆಗುತ್ತೆ. ನಿಮ್ಮ ಪರ ಮಾಲೀಕರ ಹತ್ತಿರ ನಾನು ಏನೂ ಹೇಳೋಕಾಗಲ್ಲ."

ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಆ ಪುಟದ ಗೆರೆ ಕೆಂಪಾಗಿತ್ತು. ಬರುವವರು ಅಷ್ಟೇ ಬರುತ್ತಿದ್ದರು. ಕೂರುವ ಹೊತ್ತು ಎರಡು ನಿಮಿಷ ಹತ್ತು ಸೆಕೆಂಡಿನಿಂದ ಹತ್ತೊಂಬತ್ತು ಸೆಕೆಂಡಿಗೆ ಇಳಿದಿತ್ತು. ಗ್ರಾಫ್ ಅವಳಿಗೆ ಕಾಣುವಂತೆ ಪರದೆಯನ್ನು ದೊಡ್ಡದು ಮಾಡಿಟ್ಟು ಊಟಕ್ಕೆ ಹೋದ. ಅವಳು ಕುರ್ಚಿ ತಿರುಗಿಸಿ ಆ ಹತ್ತೊಂಬತ್ತನ್ನು ನೋಡುತ್ತ ತನ್ನ ಡಬ್ಬಿ ಬಿಚ್ಚಿದಳು.

ಸಂಜೆ ಅಕ್ಕನ ಅಂಗಡಿಯಲ್ಲಿ ಅರ್ಧ ಹೊಲಿದ ಕೋಟು ಯಂತ್ರದ ಮೇಲೇ ಇತ್ತು. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಎಡಗೈಯಿಂದ ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ತಂಗಿ ನರ್ಸ್ ಹೇಳಿದ್ದನ್ನು ನೆನಪಿಸಿದರೆ, "ಕತ್ತರಿ ಮುಟ್ಟಬೇಡಿ ಅಂದ್ಳು, ಸೂಜಿ ಅಂದ್ಳಾ?" ಎಂದಳು.

ತಂಗಿ ಫೋನು ತೆರೆದು ಅವಳ ಮುಂದೆ ಹಿಡಿದಳು. ಅಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು. ಹೆಬ್ಬೆರಳು ಆಡಿಸಬೇಕಾಗಲಿಲ್ಲ.

"ಇಷ್ಟೇನಾ?"

"ಇಷ್ಟೇ."

"ಇಷ್ಟನ್ನ ಅವತ್ತೇ ಹೀಗೆ ಬರೀಬಾರದಿತ್ತೇನೇ?"

ಅಷ್ಟರಲ್ಲಿ ಫೋನು ಅದುರಿತು; ಪರದೆಯ ಮೇಲೆ ಗ್ರಾಫ್‌ನ ನಂಬರು. ತಂಗಿ ಅದನ್ನು ಕೋಟಿನ ಮೇಲೆ ಬೋರಲು ಹಾಕಿ, ಅಕ್ಕನ ಬೆರಳಿನಿಂದ ದಾರ ತೆಗೆದುಕೊಂಡು, ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯ ಕಣ್ಣಿಗೆ ಬಗ್ಗಿದಳು. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಫೋನು ಬಟ್ಟೆಯ ಮೇಲೆ ಅದುರುತ್ತಲೇ ಇತ್ತು.

"ನಿಧಾನ," ಎಂದಳು ಅಕ್ಕ, ಎಡಗೈಯಿಂದ ದೀಪವನ್ನು ಹತ್ತಿರಕ್ಕೆ ತಿರುಗಿಸುತ್ತ.