ಎರಡು ಮಗ್ಗುಲು

"ತಂಗಿ ಬಂದಿದ್ದಾಳಾ ನೋಡು ಮೊದ್ಲು," ಬೂಟು ಕಳಚುತ್ತಲೇ ಮಾವ ಕಚೇರಿಯ ಬಾಗಿಲಿಂದ ಕೂಗಿದರು. "ಅಕ್ಕ ಹೇಗೂ ಬಂದಿರ್ತಾಳೆ. ಅವಳಿಗೆ ಫೋಟೊ ಹುಚ್ಚು."

ಸೊಸೆ ನಗುತ್ತ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಬೆಟ್ಟ ಹತ್ತಿ ಕ್ಯಾಮೆರಾ ಕಟ್ಟಿ ಬರುವುದು ಮಾವನ ಕೆಲಸ. ಚಿತ್ರದಲ್ಲಿ ಮೈಮೇಲಿನ ಚುಕ್ಕೆ ನೋಡಿ ಇದು ಯಾವ ಹಿಮಚಿರತೆ ಎಂದು ಗುರುತಿಸುವುದು ಅವಳದು. ಹಿಂದೆ ಏಳು ಚಿರತೆಗಳಿದ್ದವು. ವರ್ಷವರ್ಷವೂ ಹಿಮ ಕರಗುತ್ತ, ಕೆಳಗಿನ ಕಾಡು ಮೇಲೇರುತ್ತ, ಕಾಡುಕುರಿಗಳು ಚದುರುತ್ತ ಬಂದಂತೆ ಅವೂ ಒಂದೊಂದಾಗಿ ಕಾಣೆಯಾದವು. ಈಗ ಮೂರು ವರ್ಷದಿಂದ ಎರಡೇ. ಬಂಡೆಯ ಬಳಿ ಎಡ ಮಗ್ಗುಲು ತೋರಿಸಿ ಹೋಗುವವಳು ಅಕ್ಕ. ಆಚೆ ಕಣಿವೆಯಲ್ಲಿ ಬಲ ಮಗ್ಗುಲು ತೋರಿಸುವವಳು ತಂಗಿ. ಇಬ್ಬರ ಚಿತ್ರಗಳೂ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿದ್ದವು.

ಈ ಸಲ ಬಂಡೆಯ ಹತ್ತಿರ ಹಿಮವೇ ನಿಲ್ಲಲಿಲ್ಲವೆಂದು ಮಾವ ಮಂಡಿನೋವು ನುಂಗಿಕೊಂಡು ಬೆಟ್ಟದ ತುದಿಯವರೆಗೂ ಹೋಗಿ ಕ್ಯಾಮೆರಾ ಕಟ್ಟಿದ್ದರು. ಮೊದಲ ಚಿತ್ರದಲ್ಲಿ ಅಕ್ಕ. ಭುಜದ ಹತ್ತಿರ ಅದೇ ಒಡಕು ಬಳೆಯಂಥ ಗುರುತು. ಎರಡನೆಯದರಲ್ಲಿ ಅವಳು ಏನನ್ನೋ ಕೇಳಿಸಿಕೊಂಡು ಹಿಂದೆ ತಿರುಗುತ್ತಿದ್ದಳು. ಮೂರನೆಯದರಲ್ಲಿ ಪೂರ್ತಿ ತಿರುಗಿದ ಅವಳ ಬಲ ಮಗ್ಗುಲು: ತೊಡೆಯ ಮೇಲೆ ಸಾಲಾಗಿ ಮೂರು ಚುಕ್ಕೆ. ಆ ಗುರುತು ತಂಗಿಯದು.

ಸೊಸೆ ಮೂರನ್ನೂ ಮತ್ತೆ ಮತ್ತೆ ನೋಡಿದಳು.

"ಯಾಕಮ್ಮ, ಏನಾಯ್ತು?"

"ಮಾವ, ಇಲ್ಲಿ ಬನ್ನಿ."

ಅವರು ಬಗ್ಗಿ ನೋಡಿದರು. ಹೇಳಬೇಕಾಗಲಿಲ್ಲ.

"ಒಂದೇ ಪ್ರಾಣಿಗೂ ಎರಡು ಮಗ್ಗುಲಿನ ಚುಕ್ಕೆ ಬೇರೆಬೇರೆ ಇರತ್ತೆ ಅಂತ ಗೊತ್ತಿದ್ದೂ ಎರಡು ಅಂತ ಬರ್ದೆ, ಮಾವ. ತಪ್ಪು ನಂದೇ."

"ಹೆಸರಿಟ್ಟೋನು ನಾನು. ಎಲ್ಲಾ ನೀನೊಬ್ಳೇ ಹೊತ್ಕೋಬೇಡ," ಎಂದು ತಮ್ಮ ಚಹಾದ ಲೋಟವನ್ನು ಅವಳ ಕಡೆ ಸರಿಸಿದರು. "ಈಗೇನು ಬರೀತೀಯ?"

"ಒಂದು."

"ಬರಿ." ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತ ಅವರೇ ಅಂದರು: "ಅವಳಿಗೊಬ್ಬಳು ಜೊತೆಗಿದ್ದಾಳೆ ಅಂತ ನಾನು ಧೈರ್ಯವಾಗಿದ್ದೆ."

"ಮುಂದಿನ ವರ್ಷ ಇನ್ನೂ ಸ್ವಲ್ಪ ಮೇಲೆ ಕಟ್ಟಿ ನೋಡೋಣ."

"ಇನ್ನು ಮೇಲೆ ಎಲ್ಲಮ್ಮ? ಅಲ್ಲಿಗೆ ಬೆಟ್ಟ ಮುಗೀತು."

ಅವಳು ಲೆಕ್ಕದ ಪಟ್ಟಿಯಲ್ಲಿ ಎರಡು ಎಂಬುದನ್ನು ಅಳಿಸಿ ಒಂದು ಎಂದು ಬರೆಯುವಾಗ, ಮಾವ ಗೋಡೆಯಿಂದ ಎರಡೂ ಚಿತ್ರಗಳನ್ನು ಮೆಲ್ಲನೆ ಬಿಡಿಸಿಕೊಂಡರು. ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸಿದರು. ಮೇಲೊಂದು ತೂತು ಮಾಡಿ, ದಾರ ಪೋಣಿಸಿ, ಕಿಟಕಿಗೆ ತೂಗುಹಾಕಿದರು. ಹೊರಗೆ ಶಿಖರ ಬರಿಗಲ್ಲಾಗಿ ಕಪ್ಪಗೆ ನಿಂತಿತ್ತು. ಒಳಬಂದ ಬೆಚ್ಚನೆಯ ಗಾಳಿಗೆ ಚಿತ್ರ ಒಮ್ಮೆ ಅಕ್ಕನನ್ನು, ಒಮ್ಮೆ ತಂಗಿಯನ್ನು ತೋರಿಸುತ್ತ ತಿರುಗುತ್ತಲೇ ಇತ್ತು.